ಕಡಲಾಚೆಯಿಂದ ತಾಯ್ನುಡಿಯಲ್ಲಿ ಸುದ್ದಿ: ಹೌಸಾ ಬಾನುಲಿಯ ಕಥೆ

ಪ್ರತಿವರ್ಷ ಶಾಲೆ ಆರಂಭವಾಗುವ ಮುನ್ನ ಗಡಿನಾಡಿನ ಕನ್ನಡ ಮಾಧ್ಯಮದ ಅಧ್ಯಾಪಕರು ಮನೆಮನೆಗೆ ಹೋಗಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಕೇಳಿಕೊಳ್ಳುವುದು ವಾಡಿಕೆ. ಆಗ ಪೋಷಕರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಂದೂ ಬದಲಾಗಿಲ್ಲ: "ಕನ್ನಡದಲ್ಲೇ ಕಲಿತರೆ ಮಗುವಿಗೆ ಹೊರಜಗತ್ತು ತಿಳಿಯುವುದು ಹೇಗೆ ಮಾಷ್ಟ್ರೇ?" ಜಗತ್ತಿನ ವಿದ್ಯಮಾನಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತವೆ, ನಮ್ಮ ಭಾಷೆ ಅಡುಗೆಮನೆಗೆ, ಅಂಗಳಕ್ಕೆ, ಹೆಚ್ಚೆಂದರೆ ದೇವಸ್ಥಾನಕ್ಕೆ ಸಾಕು ಎಂಬ ಭಾವನೆ ಈ ಪ್ರಶ್ನೆಯ ಹಿಂದಿದೆ. ಆದರೆ ಇಂಗ್ಲಿಷನ್ನು ಲೋಕಕ್ಕೆಲ್ಲ ಹಂಚಿದ ಬ್ರಿಟನ್ ದೇಶವೇ ಪಶ್ಚಿಮ ಆಫ್ರಿಕದ ರೈತನಿಗೆ ಜಗತ್ತಿನ ಸುದ್ದಿಯನ್ನು ಹೇಳಬೇಕಾಗಿ ಬಂದಾಗ ಇಂಗ್ಲಿಷನ್ನು ಬದಿಗಿರಿಸಿ ಆ ರೈತನ ಭಾಷೆಯಲ್ಲಿ ಮಾತನಾಡಿತು. ಅದರ ಹಿಂದೆ ಅಮೆರಿಕ, ಜರ್ಮನಿ, ಚೀನಾ, ಫ್ರಾನ್ಸ್ ದೇಶಗಳೂ ಅದನ್ನೇ ಮಾಡಿದವು. ಆ ಭಾಷೆಯ ಹೆಸರು ಹೌಸಾ. ನಮ್ಮಂತೆಯೇ ಗಡಿಯ ಎರಡು ಬದಿಗೂ ಹಂಚಿಹೋದ ಜನರ ಭಾಷೆ ಅದು. ಆದ್ದರಿಂದ ಅದರ ಕಥೆಯನ್ನು ತುಸು ವಿವರವಾಗಿಯೇ ತಿಳಿಯುವುದು ನಮಗೆ ಅವಶ್ಯ.

ಉತ್ತರ ನೈಜೀರಿಯಾದ ಕಾನೋ, ಕಟ್ಸಿನಾ, ಸೊಕೊಟೊ, ಜಾರಿಯಾ ಮೊದಲಾದ ಪಟ್ಟಣಗಳು ಹೌಸಾ ನಾಡಿನ ಹಳೆಯ ಕೇಂದ್ರಗಳು. ಗಡಿಯಾಚೆ ನೈಜರ್ ದೇಶದಲ್ಲಿರುವ ಮರಾಡಿ, ಜಿಂಡೆರ್ ಪಟ್ಟಣಗಳೂ ಅದೇ ನಾಡಿನ ಭಾಗಗಳೇ. ಮರಾಡಿಯನ್ನು ಕಟ್ಟಿದವರು ಕಟ್ಸಿನಾದಿಂದ ಪದಚ್ಯುತರಾಗಿ ಬಂದ ಅರಸರು. 1890ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದು ಒಪ್ಪಂದ ಮಾಡಿಕೊಂಡು, ನೈಜರ್ ನದಿಯ ದಂಡೆಯ ಸೇ ಎಂಬ ಊರಿನಿಂದ ಚಾಡ್ ಸರೋವರದ ದಂಡೆಯ ಬರುವಾ ಎಂಬ ಊರಿನವರೆಗೆ ಭೂಪಟದ ಮೇಲೆ ಒಂದು ಗೆರೆಯನ್ನು ಎಳೆದವು. ಮುಂದೆ ಆ ಗೆರೆ ಅಲ್ಲಲ್ಲಿ ಸರಿದಾಡಿತು. ಆದರೆ ಒಂದೇ ಭಾಷೆಯಾಡುವವರು ಎರಡು ಸಾಮ್ರಾಜ್ಯಗಳ ಪ್ರಜೆಗಳಾದದ್ದು ಬದಲಾಗಲಿಲ್ಲ. 1960ರಲ್ಲಿ ಎರಡೂ ದೇಶಗಳು ಸ್ವತಂತ್ರವಾದಾಗ ಸುಮಾರು 1,600 ಕಿಲೋಮೀಟರ್ ಉದ್ದದ ಅಂತಾರಾಷ್ಟ್ರೀಯ ಗಡಿ ಸ್ಥಿರವಾಗಿ ಉಳಿಯಿತು. ಈಚೆ ಶಾಲೆಯ ಮತ್ತು ಕಚೇರಿಯ ಭಾಷೆ ಇಂಗ್ಲಿಷ್, ಆಚೆ ಫ್ರೆಂಚ್. ಮನೆ ಮತ್ತು ಸಂತೆಯ ಭಾಷೆ ಎರಡೂ ಕಡೆ ಹೌಸಾ. ಬರವಣಿಗೆಯಲ್ಲಿ ಕೂಡ ಸಣ್ಣ ಬಿರುಕು ಬಿತ್ತು. ಒಂದು ಧ್ವನಿಗೆ ನೈಜೀರಿಯಾದವರು ಒಂದು ಬಗೆಯ ಅಕ್ಷರವನ್ನು ಬಳಸಿದರೆ ನೈಜರಿನವರು ಇನ್ನೊಂದನ್ನು ಬಳಸುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಒಂದೇ ಮನೆತನದ ಮಕ್ಕಳು ಎರಡು ಬಗೆಯ ಪಠ್ಯಪುಸ್ತಕ ಓದುವಂತಾದದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮದು ಒಂದೇ ದೇಶದೊಳಗಿನ ಗೆರೆ, ಅವರದು ಪಾಸ್‌ಪೋರ್ಟ್ ಕೇಳುವ ಗೆರೆ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

ಸ್ಪರ್ಧೆಯಿಂದ ಹುಟ್ಟಿದ ಭಾಷಾಪ್ರೇಮ

ಬಿಬಿಸಿಯು ಹೊರದೇಶಗಳಿಗಾಗಿ ನಿಯತ ಪ್ರಸಾರವನ್ನು ಆರಂಭಿಸಿದ್ದು 1932ರ ಡಿಸೆಂಬರ್ 19ರಂದು. ಅದು ಇಂಗ್ಲಿಷಿನಲ್ಲಿತ್ತು, ವಸಾಹತುಗಳಲ್ಲಿ ನೆಲೆಸಿದ್ದ ಬ್ರಿಟಿಷರಿಗಾಗಿಯೇ ಇತ್ತು. ಸ್ಥಳೀಯ ಜನರ ಭಾಷೆಯಲ್ಲಿ ಮಾತನಾಡಬೇಕೆಂದು ಆ ಸಂಸ್ಥೆಗೆ ತಾನಾಗಿ ತೋಚಲಿಲ್ಲ. 1934ರಿಂದ ಮುಸೊಲಿನಿಯ ಇಟಲಿ ಬಾರಿ ಪಟ್ಟಣದ ಕೇಂದ್ರದಿಂದ ಅರಬ್ಬಿಯಲ್ಲಿ ಪ್ರಸಾರ ಆರಂಭಿಸಿ ಬ್ರಿಟಿಷರನ್ನು ಜರೆಯತೊಡಗಿತು. ಅದಕ್ಕೆ ಉತ್ತರವಾಗಿ 1938ರ ಜನವರಿ 3ರಂದು ಬಿಬಿಸಿಯ ಅರಬ್ಬಿ ಸೇವೆ ಹುಟ್ಟಿತು. ಆ ಮೊದಲ ದಿನದ ವಾರ್ತೆಯಲ್ಲಿಯೇ ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷ್ ಆಡಳಿತ ಒಬ್ಬ ಅರಬನನ್ನು ಗಲ್ಲಿಗೇರಿಸಿದ ಸುದ್ದಿಯನ್ನು ಓದಲಾಯಿತು. ಬ್ರಿಟನ್ನಿನ ವಿದೇಶಾಂಗ ಕಚೇರಿಗೆ ಇದು ಕಿರಿಕಿರಿಯಾಯಿತು. ತಮ್ಮದೇ ಹಣದಲ್ಲಿ ತಮ್ಮದೇ ಕಳಂಕವನ್ನು ಸಾರುವುದೇ ಎಂಬುದು ಅಧಿಕಾರಿಗಳ ಅಸಮಾಧಾನ. ಆದರೆ ಕೇಳುಗರ ವಿಶ್ವಾಸ ಹುಟ್ಟಿದ್ದು ಇಂತಹ ಸುದ್ದಿಗಳಿಂದಲೇ. ತನ್ನ ತಪ್ಪನ್ನೂ ಹೇಳುವವನ ಮಾತನ್ನು ಜನ ನಂಬುತ್ತಾರೆ.

ಎರಡನೇ ಮಹಾಯುದ್ಧ ಭಾರತೀಯ ಭಾಷೆಗಳನ್ನು ಲಂಡನ್ನಿಗೆ ಕರೆತಂದಿತು. ಹಿಂದೂಸ್ತಾನಿ ಪ್ರಸಾರ 1940ರ ಮೇ 11ರಂದು ಆರಂಭವಾಯಿತು. ಮುಂದಿನ ಎರಡು ವರ್ಷಗಳಲ್ಲಿ ತಮಿಳು, ಬಂಗಾಳಿ, ಮರಾಠಿ, ಗುಜರಾತಿ, ಸಿಂಹಳ ಬಂದವು. ಇಂಗ್ಲಿಷಿನ ಪ್ರಸಿದ್ಧ ಲೇಖಕ ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಈ ಪೂರ್ವದೇಶಗಳ ವಿಭಾಗದಲ್ಲಿಯೇ ದುಡಿಯುತ್ತಿದ್ದರು. ಅವರು ಬರೆದ ಸಮಾಚಾರ ಸಮೀಕ್ಷೆಗಳು ಭಾರತೀಯ ಭಾಷೆಗಳಿಗೆ ಅನುವಾದಗೊಂಡು ಪ್ರಸಾರವಾಗುತ್ತಿದ್ದವು. ಬ್ರಿಟಿಷ್ ಸೇನೆಯಲ್ಲಿದ್ದ ಭಾರತೀಯ ಸೈನಿಕರನ್ನೂ ಅವರ ಮನೆಯವರನ್ನೂ ಶತ್ರುಗಳ ಬಾನುಲಿಯಿಂದ ದೂರವಿಡುವುದು ಅಂದಿನ ತುರ್ತು.

ಆಫ್ರಿಕದ ಸರದಿ ಬಂದದ್ದು ಬಹಳ ತಡವಾಗಿ. 1953ರಲ್ಲಿ ಈಜಿಪ್ಟ್ ಕೈರೋದಿಂದ 'ಅರಬರ ಧ್ವನಿ' ಎಂಬ ಬಾನುಲಿಯನ್ನು ಆರಂಭಿಸಿತು. ಮರುವರ್ಷವೇ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿಯೂ ವಸಾಹತುಶಾಹಿಯ ವಿರುದ್ಧ ಪ್ರಸಾರ ಮಾಡತೊಡಗಿತು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ನಡೆದ ಯುದ್ಧದಲ್ಲಿ ಬ್ರಿಟನ್ ಮುಖಭಂಗ ಅನುಭವಿಸಿತು. ಆ ಯುದ್ಧಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸೈಪ್ರಸ್ ದ್ವೀಪದಲ್ಲಿ ಅರಬ್ಬಿ ಭಾಷೆಯ ಜನಪ್ರಿಯ ಕೇಂದ್ರವೊಂದಿತ್ತು. ಬ್ರಿಟಿಷ್ ಸರ್ಕಾರ ಅದನ್ನು ನೇರವಾಗಿ ವಶಕ್ಕೆ ತೆಗೆದುಕೊಂಡು 'ಬ್ರಿಟನ್ನಿನ ಧ್ವನಿ' ಎಂದು ಹೆಸರಿಟ್ಟು ಪ್ರಚಾರಕ್ಕಿಳಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಅರಬ್ ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಅದೇ ವೇಳೆ ಲಂಡನ್ನಿನ ಬಿಬಿಸಿ ಮಾತ್ರ ಯುದ್ಧವನ್ನು ವಿರೋಧಿಸಿದ ಪ್ರತಿಪಕ್ಷ ನಾಯಕನ ಭಾಷಣವನ್ನೂ ಪ್ರಸಾರ ಮಾಡಿ ಪ್ರಧಾನಿಯ ಕೋಪಕ್ಕೆ ಗುರಿಯಾಯಿತು. ಮೊದಲನೆಯ ಕೇಂದ್ರದ ಹೆಸರು ಇಂದು ಯಾರಿಗೂ ನೆನಪಿಲ್ಲ.

1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಅದಾದ ಒಂದೇ ವಾರಕ್ಕೆ, ಮಾರ್ಚ್ 13ರಂದು, ಬಿಬಿಸಿಯ ಹೌಸಾ ಪ್ರಸಾರ ಆರಂಭವಾಯಿತು. ಜೂನ್ ತಿಂಗಳಲ್ಲಿ ಸ್ವಾಹಿಲಿ, ಜುಲೈಯಲ್ಲಿ ಸೊಮಾಲಿ. ಅಷ್ಟು ಕಾಲ ಆಳಿದವರಿಗೆ ಆಳಿಸಿಕೊಂಡವರ ಭಾಷೆ ಬೇಕಾದದ್ದು ಅಧಿಕಾರ ಕೈಜಾರುವ ಹೊತ್ತಿನಲ್ಲಿ! ಮೊದಲು ಕೆಲವೇ ನಿಮಿಷಗಳ ಕಾರ್ಯಕ್ರಮವಾಗಿದ್ದ ಹೌಸಾ ಸೇವೆಗೆ ಬೇಗನೆ ಪೈಪೋಟಿಯೂ ಎದುರಾಯಿತು. 1963ರಲ್ಲಿ ಪಶ್ಚಿಮ ಜರ್ಮನಿಯ ಡಾಯ್ಚ ವೆಲ್ಲೆ ಮತ್ತು ಚೀನಾದ ಪೀಕಿಂಗ್ ಬಾನುಲಿ, 1979ರಲ್ಲಿ ವಾಯ್ಸ್ ಆಫ್ ಅಮೆರಿಕ, 2007ರಲ್ಲಿ ಫ್ರಾನ್ಸಿನ ಅಂತಾರಾಷ್ಟ್ರೀಯ ಬಾನುಲಿ ಹೌಸಾದಲ್ಲಿ ಮಾತನಾಡತೊಡಗಿದವು. ಕಾನೋದ ಒಬ್ಬ ಚರ್ಮದ ವ್ಯಾಪಾರಿ ಒಂದೇ ಸಂಜೆಯಲ್ಲಿ ಒಂದೇ ಸುದ್ದಿಯನ್ನು ಮೂರು ನಾಲ್ಕು ದೇಶಗಳ ಬಾಯಿಂದ ತನ್ನ ತಾಯ್ನುಡಿಯಲ್ಲೇ ಕೇಳಿ ತೂಗಿ ನೋಡಬಹುದಾಗಿತ್ತು. ಇಂಗ್ಲಿಷ್ ಮಾತ್ರ ಬಲ್ಲ ಎಷ್ಟೋ ಮಂದಿಗೆ ಆ ಭಾಗ್ಯವಿರಲಿಲ್ಲ.

ಆಕಾಶಕ್ಕೆ ಬಡಿದು ಬರುವ ಅಲೆ

ಲಂಡನ್ನಿನಲ್ಲಿ ಆಡಿದ ಮಾತು ಸಹಾರಾ ಮರುಭೂಮಿಯ ಅಂಚಿನ ಹಳ್ಳಿಗೆ ತಲುಪುತ್ತಿದ್ದುದು ಹೇಗೆ ಎಂಬುದನ್ನು ಮಕ್ಕಳಿಗೆ ವಿವರಿಸಿದರೆ ಅವರ ವಿಜ್ಞಾನದ ಪಾಠಕ್ಕೂ ಅದು ಉಪಯುಕ್ತ. ಬಾನುಲಿಯ ಅಲೆಗಳಲ್ಲಿ ಮುಖ್ಯವಾಗಿ ಮೂರು ಬಗೆಯವು ನಮಗೆ ಪರಿಚಿತ. ಎಫ್‌ಎಂ ಅಲೆಗಳು ನೇರವಾಗಿ ಸಾಗುತ್ತವೆ. ಗೋಪುರ ಕಾಣುವಷ್ಟು ದೂರ, ಹೆಚ್ಚೆಂದರೆ ಕೆಲವು ಹತ್ತು ಕಿಲೋಮೀಟರ್ ಅವುಗಳ ವ್ಯಾಪ್ತಿ. ನಡುವೆ ಗುಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಸಾಗುವುದರಿಂದ ಇನ್ನೂ ದೂರ ಹೋಗುತ್ತವೆ, ರಾತ್ರಿ ಮತ್ತಷ್ಟು ದೂರ. ರೇಡಿಯೋ ಪೆಟ್ಟಿಗೆಯ ಮೇಲೆ ಶಾರ್ಟ್‌ವೇವ್ ಎಂದು ಬರೆದಿರುವ ಕಿರುತರಂಗಗಳ ದಾರಿಯೇ ಬೇರೆ. ಅವು ಮೇಲಕ್ಕೇರಿ, ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳವನ್ನು ಮುಟ್ಟಿ ಬಾಗಿ ಮತ್ತೆ ಭೂಮಿಗೆ ಇಳಿಯುತ್ತವೆ. ನೆಲಕ್ಕೆ ತಾಗಿ ಪುನಃ ಏರುತ್ತವೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲೆಸೆದಾಗ ಅದು ಕುಪ್ಪಳಿಸುತ್ತಾ ಹೋಗುವಂತೆ ಕಿರುತರಂಗ ಖಂಡಗಳನ್ನೇ ದಾಟುತ್ತದೆ.

ಅಯಾನುಗೋಳವನ್ನು ರೂಪಿಸುವುದು ಸೂರ್ಯನ ಕಿರಣಗಳಾದ್ದರಿಂದ ಅದು ಹಗಲಿಗೊಂದು ರಾತ್ರಿಗೊಂದು ಬಗೆ. ಹಾಗಾಗಿ ಹಗಲಿನಲ್ಲಿ ಹೆಚ್ಚು ಆವರ್ತನದ, ರಾತ್ರಿಯಲ್ಲಿ ಕಡಿಮೆ ಆವರ್ತನದ ಅಲೆಗಳನ್ನು ಬಳಸಬೇಕು. ಧ್ವನಿ ಒಮ್ಮೆ ಏರಿ ಒಮ್ಮೆ ಕುಗ್ಗುವುದೂ ಇದರಿಂದಲೇ. ನಮ್ಮ ಮನೆಗಳ ಹಿರಿಯರು ಸಿಲೋನ್ ಬಾನುಲಿಯ ಬಿನಾಕಾ ಗೀತಮಾಲಾ ಕೇಳಲು ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ಒಯ್ದು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದುದನ್ನು ಕೇಳಿ ನೋಡಿ. ಅವರಿಗೆ ಅಯಾನುಗೋಳದ ಹೆಸರು ಗೊತ್ತಿರಲಿಕ್ಕಿಲ್ಲ, ಅದರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಪಶ್ಚಿಮ ಆಫ್ರಿಕಕ್ಕೆ ಸ್ಪಷ್ಟವಾಗಿ ಕೇಳಿಸಬೇಕೆಂದು ಬಿಬಿಸಿ 1966ರಲ್ಲಿ ಅಟ್ಲಾಂಟಿಕ್ ಸಾಗರದ ನಡುವಿನ ಅಸೆನ್ಷನ್ ಎಂಬ ಪುಟ್ಟ ದ್ವೀಪದಲ್ಲಿ ಮರುಪ್ರಸಾರ ಕೇಂದ್ರವನ್ನು ಸ್ಥಾಪಿಸಿತು. ಅದೇ ಕಾಲದಲ್ಲಿ ವಿದ್ಯುತ್ ಸಂಪರ್ಕ ಬೇಡದ, ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋ ಅಗ್ಗವಾಗಿ ದೊರೆಯಿತು. ಜಾನುವಾರು ಕಾಯುವವನ ಹೆಗಲಿಗೆ ಅದು ತೂಗಾಡತೊಡಗಿತು. ಓದು ಬರಹ ಬಾರದವನಿಗೂ ಜಗತ್ತಿನ ಸುದ್ದಿ ಒದಗಿತು. ಅವನು ಕಲಿಯಬೇಕಾಗಿದ್ದ ಹೊಸ ಭಾಷೆ ಯಾವುದೂ ಇರಲಿಲ್ಲ.

'ಹೊಲಿದು ಕೂಡಿಸಿದ ಜಗತ್ತಿನ ಸಭೆ'

ಒಂದು ಭಾಷೆಯಲ್ಲಿ ಪ್ರತಿದಿನವೂ ಜಗತ್ತಿನ ಸುದ್ದಿಯನ್ನು ಹೇಳಬೇಕಾದಾಗ ಆ ಭಾಷೆ ಏನಾಗುತ್ತದೆ? ಅಧ್ಯಾಪಕನಾಗಿ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಭಾಗ. ವಿಶ್ವಸಂಸ್ಥೆ, ಹಣದುಬ್ಬರ, ಕದನವಿರಾಮ, ಸಂವಿಧಾನ ತಿದ್ದುಪಡಿ ಮುಂತಾದ ಪದಗಳು ಯಾವ ಭಾಷೆಗೂ ಹುಟ್ಟಿನಿಂದ ಬಂದವಲ್ಲ. ಸುದ್ದಿ ಓದುವವನು ಸಂಜೆಯ ವಾರ್ತೆಯೊಳಗೆ ಒಂದು ಪದವನ್ನು ಹುಡುಕಲೇಬೇಕು. ನಾಳೆ ನೋಡೋಣ ಎನ್ನಲು ಅವಕಾಶವಿಲ್ಲ. ವಿಶ್ವಸಂಸ್ಥೆಗೆ ಹೌಸಾ ಭಾಷೆಯಲ್ಲಿ 'ಮಜಲಿಸಾರ್ ದಿಂಕಿನ್ ದುನಿಯಾ' ಎನ್ನುತ್ತಾರೆ. ಮಜಲಿಸ್, ದುನಿಯಾ ಎಂಬ ಅರಬ್ಬಿ ಮೂಲದ ಮಾತುಗಳು ನಮ್ಮ ಕಿವಿಗೂ ಹೊಸವಲ್ಲ. ನಡುವಿನ ಪದ ಹೌಸಾದ್ದೇ. ಅದರ ಅರ್ಥ ಹೊಲಿಗೆ. ತುಂಡುತುಂಡಾದ ಜಗತ್ತನ್ನು ಹೊಲಿದು ಕೂಡಿಸಿದ ಸಭೆ! ವಿಮಾನಕ್ಕೆ ಅವರ ಪದ 'ಜಿರ್ಗಿನ್ ಸಮಾ', ಅಂದರೆ ಆಕಾಶದ ದೋಣಿ. ರೈಲಿಗೆ ನೆಲದ ದೋಣಿ. ಸುದ್ದಿಗೆ 'ಲಬಾರಿ' ಎನ್ನುತ್ತಾರೆ. ಅಕ್ಕಲಕೋಟೆ, ಜತ್ತ ಕಡೆಯವರ ಬಾಯಲ್ಲಿರುವ 'ಖಬರ'ಕ್ಕೂ ಅದಕ್ಕೂ ಅರಬ್ಬಿ ಮೂಲ ಒಂದೇ. ಈ ಪದಗಳೆಲ್ಲವನ್ನೂ ಬಾನುಲಿಯೇ ಸೃಷ್ಟಿಸಿತೆಂದು ಹೇಳಲಾಗದು. 1939ರಿಂದಲೂ ಜಾರಿಯಾದಿಂದ 'ಗಸ್ಕಿಯಾ ತಾ ಫಿ ಕ್ವಾಬೊ' ಎಂಬ ಹೌಸಾ ಪತ್ರಿಕೆ ಹೊರಡುತ್ತಿತ್ತು. ಅದರ ಮೊದಲ ಸಂಪಾದಕ ಅಬೂಬಕರ್ ಇಮಾಮ್ ಹೌಸಾ ಗದ್ಯವನ್ನು ಕಟ್ಟಿದವರಲ್ಲಿ ಪ್ರಮುಖರು. ಆದರೆ ಪತ್ರಿಕೆ ಓದಬಲ್ಲವರು ಕೆಲವರು. ಕಾನೋದ ಪದವನ್ನು ಜಿಂಡೆರಿನ ಮುದುಕಿಯ ನಾಲಗೆಗೆ ತಲುಪಿಸಿದ್ದು ಬಾನುಲಿ. ಅಕ್ಷರದ ಭೇದ ಕಿವಿಗೆ ಕಾಣಿಸುವುದಿಲ್ಲವಷ್ಟೆ.

ಸೊಮಾಲಿ ಭಾಷೆಯ ಸಂಗತಿ ಇನ್ನೂ ವಿಸ್ಮಯಕರ. ಸೊಮಾಲಿಯಾ, ಜಿಬೂಟಿ, ಇಥಿಯೋಪಿಯಾ, ಕೀನ್ಯಾ ಎಂಬ ನಾಲ್ಕು ದೇಶಗಳಿಗೆ ಹಂಚಿಹೋದ ಈ ಭಾಷೆಗೆ ಅಧಿಕೃತ ಲಿಪಿ ನಿರ್ಧಾರವಾದದ್ದು 1972ರಲ್ಲಿ. ಅರಬ್ಬಿಯೋ, ಲ್ಯಾಟಿನ್ನೋ, ಅಲ್ಲಿಯೇ ಹುಟ್ಟಿದ ಉಸ್ಮಾನಿಯಾ ಲಿಪಿಯೋ ಎಂಬ ವಿವಾದ ದಶಕಗಳ ಕಾಲ ನಡೆದು ಕೊನೆಗೆ ಲ್ಯಾಟಿನ್ ಗೆದ್ದಿತು. ಬಿಬಿಸಿ ಸೊಮಾಲಿ ಆರಂಭವಾದದ್ದು 1957ರಲ್ಲಿ ಎಂಬುದನ್ನು ನೆನೆಯಿರಿ. ಒಪ್ಪಿತ ಲಿಪಿಯೇ ಇಲ್ಲದ ಭಾಷೆಯೊಂದು ಹದಿನೈದು ವರ್ಷ ಅಂತಾರಾಷ್ಟ್ರೀಯ ಸುದ್ದಿಯನ್ನು ನಿರರ್ಗಳವಾಗಿ ಹೇಳುತ್ತಿತ್ತು! 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದುಬಿದ್ದ ಮೇಲಂತೂ ಲಂಡನ್ನಿನ ಆ ವಾರ್ತೆಯೇ ಬಹುಕಾಲ ಆ ಜನರ ರಾಷ್ಟ್ರೀಯ ಬಾನುಲಿಯಂತೆ ನಡೆಯಿತು. ಸಾವಿರ ವರ್ಷಗಳಿಗೂ ಮಿಗಿಲಾದ ಬರಹದ ಪರಂಪರೆಯುಳ್ಳ ಕನ್ನಡದಲ್ಲಿ ವಿಜ್ಞಾನ ಹೇಳಲಾಗದು, ಅರ್ಥಶಾಸ್ತ್ರ ಹೇಳಲಾಗದು ಎಂದು ನಮ್ಮವರೇ ಹೇಳುವಾಗ ಸೊಮಾಲಿ ವಾರ್ತೆ ಓದಿದ ಆ ಜನರು ನೆನಪಾಗುತ್ತಾರೆ.

ಮನೆಮಾತಿನಲ್ಲಿ ಆಡಿದ ಮಾತಿಗೆ ಬೇರೆಯೇ ತೂಕವೂ ಇದೆ. 2016ರ ಅಕ್ಟೋಬರದಲ್ಲಿ ಅಂದಿನ ನೈಜೀರಿಯಾ ಅಧ್ಯಕ್ಷ ಮುಹಮ್ಮದು ಬುಹಾರಿಯವರ ಪತ್ನಿ ಆಯಿಷಾ ಬುಹಾರಿ ಬಿಬಿಸಿ ಹೌಸಾಕ್ಕೆ ಸಂದರ್ಶನ ನೀಡಿ, ಗಂಡನ ಸರ್ಕಾರ ಕೆಲವರ ಹಿಡಿತದಲ್ಲಿದೆ, ಪರಿಸ್ಥಿತಿ ಹೀಗೆಯೇ ಇದ್ದರೆ ಮುಂದಿನ ಚುನಾವಣೆಯಲ್ಲಿ ತಾವು ಅವರ ಪರ ಪ್ರಚಾರ ಮಾಡುವುದಿಲ್ಲ ಎಂಬ ಅರ್ಥದ ಮಾತನ್ನಾಡಿದರು. ಆಗ ಬರ್ಲಿನ್ನಿನಲ್ಲಿ ಜರ್ಮನಿಯ ಚಾನ್ಸಲರ್ ಮರ್ಕೆಲ್ ಅವರ ಪಕ್ಕದಲ್ಲಿ ನಿಂತಿದ್ದ ಅಧ್ಯಕ್ಷರು, ಆಕೆಯ ಜಾಗ ಅಡುಗೆಮನೆ ಎಂದು ಉತ್ತರಿಸಿ ಜಗತ್ತಿನ ನಗೆಗೂ ಟೀಕೆಗೂ ಗುರಿಯಾದರು. ಹೌಸಾದಲ್ಲಿ ಹುಟ್ಟಿದ ಆ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಗಳು ಅನುವಾದಿಸಿಕೊಂಡು ಪ್ರಕಟಿಸಬೇಕಾಯಿತು. ಅದೇ ವರ್ಷ ಬಿಬಿಸಿ ಹೌಸಾ ಮಹಿಳೆಯರಿಗಾಗಿಯೇ 'ಹಿಕಾಯತಾ' ಎಂಬ ಸಣ್ಣಕಥಾ ಸ್ಪರ್ಧೆಯನ್ನೂ ಆರಂಭಿಸಿತು.

ತಾಯ್ನುಡಿಯ ಬಾನುಲಿಯೆಂದರೆ ಒಳಿತೇ ಎಂದು ಭಾವಿಸಬಾರದು. 1994ರಲ್ಲಿ ರುವಾಂಡಾದಲ್ಲಿ ನಡೆದ ನರಮೇಧಕ್ಕೆ ಜನರನ್ನು ಹುರಿದುಂಬಿಸಿದ್ದು ಅದೇ ದೇಶದ ಒಂದು ಖಾಸಗಿ ಬಾನುಲಿ. ಅದು ಕೊಲ್ಲಿರೆಂದು ಕರೆ ಕೊಟ್ಟದ್ದು ಜನರ ಮನೆಮಾತಾದ ಕಿನ್ಯರುವಾಂಡಾದಲ್ಲಿಯೇ. ಆ ಭಾಷೆ ಎಲ್ಲರಿಗೂ ನೇರವಾಗಿ ನಾಟುತ್ತಿದ್ದುದರಿಂದಲೇ ಆ ವಿಷ ಅಷ್ಟು ಬೇಗ ಹರಡಿತು. ಅದೇ ವರ್ಷ ಬಿಬಿಸಿ ಅದೇ ಭಾಷೆಯಲ್ಲಿ, ನೆರೆಯ ಬುರುಂಡಿಯವರಿಗೂ ಅರ್ಥವಾಗುವಂತೆ, ಒಂದು ತುರ್ತು ಪ್ರಸಾರವನ್ನು ಆರಂಭಿಸಿತು. ಅದರ ಹೆಸರು 'ಗಹುಜಮಿರ್ಯಾಂಗೊ', ಕುಟುಂಬಗಳನ್ನು ಕೂಡಿಸುವಂಥದ್ದು ಎಂದರ್ಥ. ನಿರಾಶ್ರಿತರ ಶಿಬಿರಗಳಲ್ಲಿ ಚದುರಿಹೋದವರ ಹೆಸರುಗಳನ್ನು ಅದರಲ್ಲಿ ಓದಲಾಗುತ್ತಿತ್ತು. ತಾಯಿ ಮಗುವನ್ನು, ಅಣ್ಣ ತಂಗಿಯನ್ನು ಹುಡುಕುವ ವಾರ್ತೆ. ಇಪ್ಪತ್ತು ವರ್ಷಗಳ ನಂತರ, 2014ರಲ್ಲಿ, ಬಿಬಿಸಿ ದೂರದರ್ಶನದ ಒಂದು ಸಾಕ್ಷ್ಯಚಿತ್ರದಿಂದ ಕೆರಳಿದ ರುವಾಂಡಾ ಸರ್ಕಾರ ಈ ಕಿನ್ಯರುವಾಂಡಾ ಪ್ರಸಾರವನ್ನೇ ತನ್ನ ದೇಶದಲ್ಲಿ ನಿಲ್ಲಿಸಿತು.

ಯಾವ ಭಾಷೆಗೆ ಸರದಿ?

ಈ ಪ್ರಸಾರಗಳಿಗೆ ಹಣ ಕೊಡುವವರು ಯಾರು, ಭಾಷೆಯನ್ನು ಆರಿಸುವವರು ಯಾರು ಎಂದು ಕೇಳದಿದ್ದರೆ ಚಿತ್ರ ಅಪೂರ್ಣ. 2015ರ ನವೆಂಬರದಲ್ಲಿ ಬ್ರಿಟಿಷ್ ಸರ್ಕಾರ ಬಿಬಿಸಿಯ ವಿಶ್ವಸೇವೆಗೆ ವರ್ಷಕ್ಕೆ 8.5 ಕೋಟಿ ಪೌಂಡುಗಳವರೆಗಿನ ಹೆಚ್ಚುವರಿ ಅನುದಾನವನ್ನು ಘೋಷಿಸಿತು. ಅದನ್ನು ಘೋಷಿಸಿದ್ದು ದೇಶದ ರಕ್ಷಣೆ ಮತ್ತು ಭದ್ರತೆಯ ಪರಾಮರ್ಶೆಯ ಭಾಗವಾಗಿ. ಯುದ್ಧವಿಮಾನ, ಜಲಾಂತರ್ಗಾಮಿಗಳ ಸಾಲಿನಲ್ಲಿಯೇ ಯೊರೂಬಾ ಮತ್ತು ತೆಲುಗು ಬಂದವು ಎಂದರೆ ತಪ್ಪಾಗದು. ಆ ಹಣದಿಂದ 2016ರಲ್ಲಿ ಹನ್ನೊಂದು ಹೊಸ ಭಾಷೆಗಳನ್ನು ಪ್ರಕಟಿಸಲಾಯಿತು: ಇಥಿಯೋಪಿಯಾ, ಎರಿಟ್ರಿಯಾಗಳಿಗಾಗಿ ಅಫಾನ್ ಒರೊಮೊ, ಅಮ್ಹಾರಿಕ್, ತಿಗ್ರಿನ್ಯಾ, ನೈಜೀರಿಯಾಕ್ಕಾಗಿ ಇಗ್ಬೊ, ಯೊರೂಬಾ ಮತ್ತು ಪಿಜಿನ್, ಭಾರತಕ್ಕಾಗಿ ಗುಜರಾತಿ, ಮರಾಠಿ, ಪಂಜಾಬಿ, ತೆಲುಗು, ಜೊತೆಗೆ ಕೊರಿಯನ್. ಪಿಜಿನ್ ಎಂಬುದು ಇಂಗ್ಲಿಷ್ ಪದಗಳೂ ಸ್ಥಳೀಯ ನುಡಿಗಟ್ಟೂ ಬೆರೆತ ಬೀದಿಯ ಮಾತು. ಶಾಲೆಯಲ್ಲಿ ಆಡಿದರೆ ಬೈಗುಳ ತಿನ್ನಬೇಕಾಗಿದ್ದ ಮಾತು. ಅದಕ್ಕೂ ಅಂತಾರಾಷ್ಟ್ರೀಯ ವಾರ್ತಾಸೇವೆ ದೊರೆಯಿತು.

ಭಾರತದ ನಾಲ್ಕು ಭಾಷೆಗಳ ಸೇವೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅವುಗಳಲ್ಲಿ ಕನ್ನಡ ಇರಲಿಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು 4.37 ಕೋಟಿ, ಪಂಜಾಬಿ ಸುಮಾರು 3.31 ಕೋಟಿ. ಅಂದರೆ ತಲೆ ಎಣಿಸಿ ಭಾಷೆಯನ್ನು ಆರಿಸುವುದಿಲ್ಲ ಎಂದಾಯಿತು. ಪಂಜಾಬಿ ಪಾಕಿಸ್ತಾನದಲ್ಲಿಯೂ ಇದೆ, ಬ್ರಿಟನ್ನಿನಲ್ಲಿಯೂ ಇದೆ ಎಂಬುದು ಅದರ ಬಲವಾಗಿರಬಹುದು. ಕನ್ನಡವನ್ನು ಬಿಟ್ಟದ್ದಕ್ಕೆ ಅಂದು ಅಲ್ಲಲ್ಲಿ ಬೇಸರದ ಮಾತು ಕೇಳಿಬಂದುದು ಸಹಜವೇ. ನನ್ನ ಅಭಿಪ್ರಾಯ ಬೇರೆ: ಪರದೇಶದ ಖಜಾನೆ ಒಂದು ಭಾಷೆಯನ್ನು ಆರಿಸಿಕೊಳ್ಳುವುದು ತನ್ನ ಅಗತ್ಯಕ್ಕೆ, ಆ ಆಯ್ಕೆಯಿಂದ ಭಾಷೆಯ ಯೋಗ್ಯತೆಯನ್ನು ಅಳೆಯಬೇಕಾಗಿಲ್ಲ.

ಖಜಾನೆಯ ಮನಸ್ಸು ಬದಲಾದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಶ್ರೀಲಂಕಾದ ಯುದ್ಧದ ವರ್ಷಗಳಲ್ಲಿ ಅಲ್ಲಿನ ತಮಿಳರು ಕಿವಿಗೊಟ್ಟು ಕೇಳುತ್ತಿದ್ದ ಬಿಬಿಸಿಯ ತಮಿಳೋಸೈ ಕಿರುತರಂಗ ಪ್ರಸಾರ 76 ವರ್ಷ ನಡೆದು 2017ರ ಏಪ್ರಿಲ್ 30ರಂದು ನಿಂತಿತು. ಹೊಸೂರು, ತಾಳವಾಡಿ ಕಡೆಯ ಹಿರಿಯರಲ್ಲಿ ಅದನ್ನು ಕೇಳಿದವರು ಇದ್ದಾರು. ಹಿಂದಿಯ ಕಿರುತರಂಗ 2020ರ ಜನವರಿ 31ರಂದು ಮುಗಿಯಿತು. 2022ರ ಸೆಪ್ಟೆಂಬರದಲ್ಲಿ ಬಿಬಿಸಿ ಹತ್ತು ಭಾಷೆಗಳ ಬಾನುಲಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 1938ರಲ್ಲಿ ಆರಂಭವಾಗಿದ್ದ ಅರಬ್ಬಿ ಬಾನುಲಿಯೂ ಅದರಲ್ಲಿತ್ತು. ಕೇಳುಗರು ಮೊಬೈಲಿಗೆ ಹೋಗಿದ್ದಾರೆ ಎಂಬುದು ಕೊಟ್ಟ ಕಾರಣ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮೊಬೈಲಿಗೆ ಡೇಟಾ ಬೇಕು, ಡೇಟಾಕ್ಕೆ ಹಣ ಬೇಕು, ಗೋಪುರ ಬೇಕು; ಟ್ರಾನ್ಸಿಸ್ಟರಿಗೆ ಎರಡು ಬ್ಯಾಟರಿ ಸಾಕಿತ್ತು.

ಅಮೆರಿಕದ್ದು ಇನ್ನೂ ಹಠಾತ್ತಾದ ಪ್ರಕರಣ. 1942ರಿಂದ ನಡೆದುಬಂದಿದ್ದ ವಾಯ್ಸ್ ಆಫ್ ಅಮೆರಿಕ ಸುಮಾರು 50 ಭಾಷೆಗಳಲ್ಲಿ ಪ್ರಸಾರ ಮಾಡುತ್ತಿತ್ತು. 2025ರ ಮಾರ್ಚ್ 14ರಂದು ಅಧ್ಯಕ್ಷ ಟ್ರಂಪ್ ಅದರ ಮಾತೃಸಂಸ್ಥೆಯನ್ನು ಕಡಿತಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಮರುದಿನವೇ ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಲಾಯಿತು. ನ್ಯಾಯಾಲಯದಲ್ಲಿ ಮೊಕದ್ದಮೆಗಳು ನಡೆದವು. ಅಷ್ಟರಲ್ಲಿ ಹೌಸಾ ಸೇವೆಯೂ ಮೌನವಾಗಿತ್ತು.

ನಿಲ್ಲಿಸುವ ಅಧಿಕಾರ ಕೇಳುಗರ ಕಡೆಯ ಸರ್ಕಾರಗಳಿಗೂ ಇದೆ, ಮತ್ತು ತಂತ್ರಜ್ಞಾನದ ಆಯ್ಕೆಯೇ ಅದನ್ನು ಅವರ ಕೈಗೆ ಕೊಟ್ಟಿದೆ. ಕಿರುತರಂಗಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅಡ್ಡಿಪಡಿಸಬೇಕೆಂದರೆ ಅದೇ ಆವರ್ತನದಲ್ಲಿ ಗದ್ದಲ ಎಬ್ಬಿಸಬೇಕು. ಸೋವಿಯತ್ ಒಕ್ಕೂಟ ಹಾಗೆ ಮಾಡುತ್ತಿತ್ತು, ಅದಕ್ಕೆ ಅಪಾರ ಖರ್ಚು. ಎಫ್‌ಎಂ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಕಾರಣಕ್ಕೆ ವಿದೇಶಿ ಬಾನುಲಿಗಳು ಸ್ಥಳೀಯ ಎಫ್‌ಎಂ ಕೇಂದ್ರಗಳೊಡನೆ ಒಪ್ಪಂದ ಮಾಡಿಕೊಂಡು ಅವುಗಳ ಮೂಲಕ ಮರುಪ್ರಸಾರ ಮಾಡತೊಡಗಿದವು. ಆಗ ಬೀಗದಕೈ ಸ್ಥಳೀಯ ಸರ್ಕಾರದ್ದಾಯಿತು. ನೈಜೀರಿಯಾದ ಪ್ರಸಾರ ಆಯೋಗ 2004ರಲ್ಲಿಯೇ ವಿದೇಶಿ ವಾರ್ತೆಗಳ ನೇರ ಮರುಪ್ರಸಾರವನ್ನು ನಿಷೇಧಿಸಿತ್ತು. ನೈಜರಿನಲ್ಲಿ 2023ರ ಜುಲೈಯಲ್ಲಿ ಸೈನ್ಯ ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ ಫ್ರಾನ್ಸಿನ ಬಾನುಲಿಯನ್ನು ತಡೆಯಲಾಯಿತು. 2024ರ ಡಿಸೆಂಬರದಲ್ಲಿ, ಸೈನಿಕರ ಮೇಲೆ ನಡೆದ ದಾಳಿಯ ವರದಿಯನ್ನು ಆಕ್ಷೇಪಿಸಿ, ಬಿಬಿಸಿಯನ್ನು ಮೂರು ತಿಂಗಳ ಕಾಲ ನಿಲ್ಲಿಸಲಾಯಿತು; ಸ್ಥಳೀಯ ಎಫ್‌ಎಂಗಳ ಮೂಲಕ ಬರುತ್ತಿದ್ದ ಹೌಸಾ ವಾರ್ತೆ ಅಲ್ಲಿಗೆ ನಿಂತಿತು. ವಿಚಿತ್ರವೆಂದರೆ, ಅದೇ ಸೈನಿಕ ಸರ್ಕಾರ 2025ರ ಮಾರ್ಚಿನಲ್ಲಿ ಫ್ರೆಂಚಿನ ಸ್ಥಾನವನ್ನು ತಗ್ಗಿಸಿ ಹೌಸಾವನ್ನು ರಾಷ್ಟ್ರೀಯ ಭಾಷೆಯೆಂದು ಸಾರಿತು. ಭಾಷೆಗೆ ಪಟ್ಟ ಕಟ್ಟುವುದು ಬೇರೆ, ಆ ಭಾಷೆಯಲ್ಲಿ ಹೇಳುವ ಸುದ್ದಿಯನ್ನು ಸಹಿಸುವುದು ಬೇರೆ.

ಕನ್ನಡವೂ ಕಿರುತರಂಗದಲ್ಲಿ ಕಡಲು ದಾಟಿದ ಭಾಷೆಯೇ. ಆಕಾಶವಾಣಿಯ ವಿದೇಶ ಸೇವಾ ವಿಭಾಗ ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗಾಗಿ ಕಾರ್ಯಕ್ರಮ ನಡೆಸುತ್ತಿತ್ತು. ಮಂಜೇಶ್ವರ, ಕುಂಬಳೆಯ ಎಷ್ಟೋ ಮನೆಗಳಲ್ಲಿ ಹಾಗೆ ದುಡಿದವರಿದ್ದಾರೆ. ಸೆಶೆಲ್ಸ್ ದ್ವೀಪದಿಂದ ಕ್ರೈಸ್ತ ಧರ್ಮಪ್ರಸಾರದ ಬಾನುಲಿಯೊಂದು ಕನ್ನಡದಲ್ಲಿ ಮಾತನಾಡುತ್ತಿತ್ತು. ಆದರೆ ಗಡಿನಾಡಿನ ನಮಗೆ ದೊರೆತ ದೊಡ್ಡ ಉಪಕಾರ ಇವುಗಳಿಗಿಂತ ಹತ್ತಿರದ್ದು. ಧಾರವಾಡ, ಕಲಬುರಗಿ, ಮಂಗಳೂರು ಆಕಾಶವಾಣಿ ಕೇಂದ್ರಗಳ ಮಧ್ಯಮ ತರಂಗ ರಾಜ್ಯದ ಗಡಿಕಲ್ಲನ್ನು ಗಮನಿಸದೆ ಅಕ್ಕಲಕೋಟೆಗೂ ಜತ್ತಕ್ಕೂ ಕಾಸರಗೋಡಿಗೂ ಕನ್ನಡ ವಾರ್ತೆಯನ್ನು ತಂದುಕೊಟ್ಟಿತು. ಮಹಾರಾಷ್ಟ್ರ, ಕೇರಳ ಸರ್ಕಾರಗಳು ಅದಕ್ಕಾಗಿ ಒಂದು ಪೈಸೆಯನ್ನೂ ಖರ್ಚು ಮಾಡಬೇಕಾಗಿರಲಿಲ್ಲ, ಕರ್ನಾಟಕ ಯಾವ ಆದೇಶವನ್ನೂ ಹೊರಡಿಸಬೇಕಾಗಿರಲಿಲ್ಲ. ಈಗ ದೇಶದ ಹಲವೆಡೆ ಹಳೆಯ ಮಧ್ಯಮ ತರಂಗ ಟ್ರಾನ್ಸ್‌ಮಿಟರುಗಳು ನಿಂತು ಎಫ್‌ಎಂ ಬರುತ್ತಿದೆ. ನಗರವಾಸಿಗೆ ಅದು ಲಾಭ. ಗಡಿಯಿಂದ ನಲವತ್ತು ಐವತ್ತು ಕಿಲೋಮೀಟರ್ ಒಳಗಿರುವ ಕನ್ನಡ ಹಳ್ಳಿಗೆ ಕರ್ನಾಟಕದ ಎಫ್‌ಎಂ ತಲುಪುವುದು ಕಷ್ಟ, ಮತ್ತು ತನ್ನ ರಾಜ್ಯದ ಎಫ್‌ಎಂನಲ್ಲಿ ಕನ್ನಡ ಇರುವುದು ವಿರಳ. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಕರ್ನಾಟಕದ ಕೇಂದ್ರಗಳು ಸಿಗುತ್ತವೆ. ಮಗು ಶಾಲೆಯಿಂದ ಬಂದ ಮೇಲೆ ಮನೆಯ ಫೋನಿನಲ್ಲಿ ಕನ್ನಡ ವಾರ್ತೆಯನ್ನು ಹಾಕಿ ನೋಡಬಹುದು. ಹತ್ತು ನಿಮಿಷ ಸಾಕು. ನಿಮ್ಮ ಊರಿನಲ್ಲಿ ಯಾವ ಕೇಂದ್ರ ಈಗಲೂ ಪೆಟ್ಟಿಗೆಯಲ್ಲಿ ಕೇಳಿಸುತ್ತದೆ, ಯಾವುದು ಇತ್ತೀಚೆಗೆ ನಿಂತಿದೆ ಎಂಬುದನ್ನು ಮಕ್ಕಳಿಂದಲೇ ಗುರುತು ಹಾಕಿಸಿ ಶಾಲೆಗೆ ಕಳುಹಿಸಿಕೊಟ್ಟರೆ, ಆಕಾಶವಾಣಿಗೆ ಮನವಿ ಸಲ್ಲಿಸುವಾಗ ಅಧ್ಯಾಪಕರ ಕೈಯಲ್ಲಿ ಊರುಗಳ ಪಟ್ಟಿಯಾದರೂ ಇರುತ್ತದೆ.